ಮಕ್ಕಳ ದೇಹ ದ್ರವ್ಯರಾಶಿ ಸೂಚ್ಯಂಕ

ಮಕ್ಕಳ ದೇಹ ದ್ರವ್ಯರಾಶಿ ಸೂಚ್ಯಂಕ (ಬಿ.ಎಂ.ಐ.) ಎಂಬುದು ಮಗುವಿನ ತೂಕ ಮತ್ತು ಎತ್ತರಗಳ ಆಧಾರದಿಂದ ದೇಹದ ಕೊಬ್ಬಿನ ಪ್ರಮಾಣವನ್ನು ಪರೋಕ್ಷವಾಗಿ ಅಂದಾಜಿಸುವ ಅಳತೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ಇದನ್ನು ಪಡೆಯಲಾಗುತ್ತದೆ. ಸೂತ್ರವು ವಯಸ್ಕರಿಗೂ ಮಕ್ಕಳಿಗೂ ಒಂದೇ ಆಗಿದ್ದರೂ ಫಲಿತಾಂಶವನ್ನು ಅರ್ಥೈಸುವ ಕ್ರಮ ಬೇರೆಯಾಗಿದೆ.

ಇತಿಹಾಸ

ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟೆಲೆ ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಅನುಪಾತವನ್ನು ರೂಪಿಸಿದನು. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ಇದಕ್ಕೆ ಈಗಿನ ಹೆಸರನ್ನು ನೀಡಿದರು. ಅವರ ಅಧ್ಯಯನವು ವಯಸ್ಕ ಪುರುಷರ ಅಳತೆಗಳನ್ನು ಆಧರಿಸಿತ್ತು.

ಲೆಕ್ಕಾಚಾರ ಮತ್ತು ಮಾನದಂಡಗಳು

140 ಸೆಂ.ಮೀ. ಎತ್ತರ, 32 ಕಿ.ಗ್ರಾಂ. ತೂಕವುಳ್ಳ ಮಗುವಿನ ಸೂಚ್ಯಂಕ 32 ÷ (1.40 × 1.40) = 16.3. ಎತ್ತರವನ್ನು 138 ಸೆಂ.ಮೀ. ಎಂದು ತಪ್ಪಾಗಿ ಬರೆದುಕೊಂಡರೆ ಉತ್ತರ 16.8 ಆಗುತ್ತದೆ. ಆದ್ದರಿಂದ ಪಾದರಕ್ಷೆ ತೆಗೆಸಿ, ನೇರವಾಗಿ ನಿಲ್ಲಿಸಿ ಅಳೆಯುವುದು ಅಗತ್ಯ.

ಬೆಳವಣಿಗೆಯೊಂದಿಗೆ ದೇಹದ ಕೊಬ್ಬು ಬದಲಾಗುತ್ತದೆ. ಶೈಶವದ ನಂತರ ಇಳಿಯುವ ಸೂಚ್ಯಂಕವು ಸುಮಾರು 5–6ನೆಯ ವಯಸ್ಸಿನಿಂದ ಮತ್ತೆ ಏರತೊಡಗುತ್ತದೆ. ಹೀಗಾಗಿ 18 ಎಂಬ ಸೂಚ್ಯಂಕವು ಐದು ವರ್ಷದ ಬಾಲಕನಲ್ಲಿ ಅಧಿಕ ತೂಕವನ್ನು ಸೂಚಿಸಿದರೆ, ಹದಿನೈದು ವರ್ಷದ ಬಾಲಕನಲ್ಲಿ ಸಹಜವಾದುದು. ಈ ಕಾರಣದಿಂದ ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಪಟ್ಟಿಗಳನ್ನು ಬಳಸಬೇಕಾಗುತ್ತದೆ.

* ವಿಶ್ವ ಆರೋಗ್ಯ ಸಂಸ್ಥೆ (2007): 5–19 ವರ್ಷದವರಲ್ಲಿ ಮಧ್ಯಾಂಕಕ್ಕಿಂತ ಒಂದು ಮಾನಕ ವಿಚಲನೆಗೂ ಮೇಲ್ಪಟ್ಟದ್ದು ಅಧಿಕ ತೂಕ, ಎರಡಕ್ಕೂ ಮೇಲ್ಪಟ್ಟದ್ದು ಬೊಜ್ಜು, ಎರಡಕ್ಕಿಂತಲೂ ಕೆಳಗಿನದು ಕೃಶತೆ.
* ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ (2015): 5–18 ವರ್ಷದವರಿಗಾಗಿ ರೂಪಿಸಿದ ಪಟ್ಟಿ. ಇದರಲ್ಲಿ ವಯಸ್ಕರ 23 ಮತ್ತು 27ಕ್ಕೆ ಸಮನಾದ ರೇಖೆಗಳು ಕ್ರಮವಾಗಿ ಅಧಿಕ ತೂಕ ಮತ್ತು ಬೊಜ್ಜನ್ನು ಸೂಚಿಸುತ್ತವೆ.

ಮಿತಿಗಳು

ಸೂಚ್ಯಂಕವು ಕೊಬ್ಬು, ಸ್ನಾಯು ಮತ್ತು ಮೂಳೆಗಳ ತೂಕವನ್ನು ಪ್ರತ್ಯೇಕಿಸುವುದಿಲ್ಲ. ಸೂಚ್ಯಂಕ ತುಂಬಾ ಹೆಚ್ಚಿರುವ ಮಕ್ಕಳಲ್ಲಿ ಅದು ಕೊಬ್ಬಿನ ಉತ್ತಮ ಸೂಚಕವಾಗಿದೆ. ತೆಳ್ಳಗಿನ ಮಕ್ಕಳಲ್ಲಿ ಕಾಣುವ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕೊಬ್ಬೇತರ ಅಂಗಾಂಶವೇ ಕಾರಣ. ಕೊಬ್ಬು ದೇಹದ ಯಾವ ಭಾಗದಲ್ಲಿ ಸಂಗ್ರಹವಾಗಿದೆ ಎಂಬುದೂ ಇದರಿಂದ ತಿಳಿಯದು. ಚರ್ಮದ ಮಡಿಕೆಯ ದಪ್ಪ, ಸೊಂಟದ ಸುತ್ತಳತೆ ಮತ್ತು ಡೆಕ್ಸಾ ಸ್ಕ್ಯಾನ್ ಪೂರಕ ವಿಧಾನಗಳಾಗಿವೆ.

ಕರ್ನಾಟಕದಲ್ಲಿ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ 'ಪಾರ್ಥೆನಾನ್' ಅಧ್ಯಯನವು ಈ ಮಿತಿಯನ್ನು ಸ್ಪಷ್ಟಪಡಿಸಿತು. ಅಲ್ಲಿ ಜನಿಸಿದ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವರಾಗಿದ್ದರೂ ಅವರ ಬೆನ್ನಿನ ಭಾಗದ ಕೊಬ್ಬು ಅದೇ ಪ್ರಮಾಣದಲ್ಲಿ ಕುಗ್ಗಿರಲಿಲ್ಲ. ನಾಲ್ಕನೆಯ ವಯಸ್ಸಿನಲ್ಲಿಯೂ ಈ ಲಕ್ಷಣ ಕಂಡುಬಂದಿತು. ಆದುದರಿಂದ ನೋಡಲು ತೆಳ್ಳಗಿರುವ ಮಗುವಿನಲ್ಲಿ ಕೊಬ್ಬು ಕಡಿಮೆಯೇ ಇರುತ್ತದೆಂದು ಭಾವಿಸುವಂತಿಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಶೇ. 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು, ಶೇ. 3.2ರಷ್ಟು ಮಂದಿ ಅಧಿಕ ತೂಕವುಳ್ಳವರು. ಎತ್ತರ ಕುಂಠಿತವಾದ ಮಗುವಿನ ತೂಕವೂ ಕಡಿಮೆಯಿದ್ದಾಗ ಸೂಚ್ಯಂಕ ಸಹಜವೆಂದೇ ತೋರಬಹುದು. ದೀರ್ಘಕಾಲದ ಅಪೌಷ್ಟಿಕತೆ ಗಮನಕ್ಕೆ ಬಾರದೆ ಉಳಿಯಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದು ಬಾರಿ ತಪಾಸಣೆ ನಡೆಸಬೇಕೆಂಬ ನಿಯಮವಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಬ್ಯಾಡಗಿಯಂತಹ ತಾಲ್ಲೂಕುಗಳಲ್ಲಿ ಗ್ರಾಮೀಣ ಶಾಲೆಗಳೂ ಪಟ್ಟಣದ ಶಾಲೆಗಳೂ ಇರುವುದರಿಂದ, ಅಪೌಷ್ಟಿಕತೆ ಮತ್ತು ಬೊಜ್ಜು ಎರಡನ್ನೂ ಗುರುತಿಸಲು ವಯಸ್ಸಿಗೆ ತಕ್ಕ ಎತ್ತರವನ್ನೂ ಸೂಚ್ಯಂಕವನ್ನೂ ಒಟ್ಟಿಗೆ ನೋಡುವುದು ಉಪಯುಕ್ತ.

ಬಳಕೆ

ಸೂಚ್ಯಂಕವು ಪ್ರಾಥಮಿಕ ತಪಾಸಣೆಯ ಸಾಧನವೇ ಹೊರತು ರೋಗನಿರ್ಣಯವಲ್ಲ. ಒಂದು ಬಾರಿಯ ಅಳತೆಗಿಂತ ಹಲವು ಬಾರಿ ಅಳೆದು ಗುರುತಿಸಿದ ಬೆಳವಣಿಗೆಯ ರೇಖೆ ಹೆಚ್ಚು ವಿಶ್ವಾಸಾರ್ಹ. ಬೆಳೆಯುವ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ಕಡಿತಗೊಳಿಸುವುದು ಸೂಕ್ತವಲ್ಲ.