ಮಾರ್ಗನಾಮದ ಪದಚ್ಛೇದ: ಸಿ ಭಾಷೆಯಲ್ಲಿ ಕೋಶಭಾಗದ ನಿರ್ಣಯ

ಗಣಕಯಂತ್ರದಲ್ಲಿ ಒಂದು ಕಡತದ ನೆಲೆಯನ್ನು ತಿಳಿಸುವ ಹೆಸರನ್ನು ಮಾರ್ಗನಾಮವೆನ್ನಬಹುದು. ‘/ಗ್ರಂಥ/ಕಾವ್ಯ/ಪಂಪ’ ಎಂಬಲ್ಲಿ ಕಡೆಯ ಪದವು ಕಡತದ ಹೆಸರು; ಮೊದಲಿನ ‘/ಗ್ರಂಥ/ಕಾವ್ಯ’ ಎಂಬುದು ಅದಿರುವ ಕೋಶ, ಎಂದರೆ ಡೈರೆಕ್ಟರಿ. ಕಡೆಯ ಓರೆಗೀಟನ್ನು ಹುಡುಕಿ ಅಲ್ಲಿಗೆ ಕತ್ತರಿಸಿದರೆ ಕೋಶಭಾಗವು ದೊರೆಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಈ ಭಾಗವು ಅಕ್ಷರಗಳಲ್ಲಿ ಸ್ವತಃಸಿದ್ಧವಾದುದಲ್ಲ, ಆಯಾ ವ್ಯವಸ್ಥೆಯ ಸಂಕೇತಕ್ಕೆ ಅಧೀನವಾದುದು ಎಂಬುದು ಅದರ ಚರಿತ್ರೆಯಿಂದ ವಿಶದವಾಗುತ್ತದೆ.

ಕೋಶದೊಳಗೆ ಕೋಶವನ್ನಿಡುವ ಪದ್ಧತಿಯನ್ನು ಡೇಲಿ ಮತ್ತು ನ್ಯೂಮನ್ ಎಂಬವರು 1965ರಲ್ಲಿ ಮಲ್ಟಿಕ್ಸ್ ವ್ಯವಸ್ಥೆಗಾಗಿ ನಿರೂಪಿಸಿದರು. ಮಲ್ಟಿಕ್ಸಿನಲ್ಲಿ ಪದಗಳ ನಡುವೆ ನಿಂತ ಚಿಹ್ನೆ ‘>’ ಎಂಬುದು. 1969ರಲ್ಲಿ ಆ ಕಾರ್ಯವನ್ನು ಬಿಟ್ಟುಬಂದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇವರು ಯೂನಿಕ್ಸನ್ನು ಆರಂಭಿಸಿದರು. ಮೊದಲಲ್ಲಿ ಅದರಲ್ಲಿ ಕೋಶಗಳಿದ್ದುವು, ಮಾರ್ಗನಾಮವಿರಲಿಲ್ಲ! ಹೆಸರೆಲ್ಲವೂ ಒಂಟಿಪದವೇ ಆಗಿದ್ದಿತೆಂದು ರಿಚಿಯವರೇ ಬರೆದಿರುತ್ತಾರೆ. 1971ರ ನವೆಂಬರಿನ ಪ್ರಥಮ ಕೈಪಿಡಿಯ ವೇಳೆಗೆ ಓರೆಗೀಟು ನೆಲೆಗೊಂಡಿತ್ತು. ಸಿ ಭಾಷೆಯು ರೂಪುಗೊಂಡುದು ತದನಂತರ, 1972ರ ಸುಮಾರಿನಲ್ಲಿ.

ಯೂನಿಕ್ಸಿನ ಮಡಿಲಲ್ಲಿ ಬೆಳೆದ ಈ ಭಾಷೆಯ 1989ರ ಪ್ರಮಾಣಗ್ರಂಥದಲ್ಲಿ ಕೋಶವನ್ನು ಕುರಿತ ವಿಧಿಯೊಂದೂ ಇಲ್ಲ. ಇದನ್ನು ಲೋಪವೆನ್ನಲಾಗದು, ನಾನಾ ಯಂತ್ರಗಳಿಗೆ ಹೊಂದಬೇಕಾದ ಭಾಷೆಯು ಒಂದರ ಸಂಕೇತವನ್ನು ಶಾಸನವಾಗಿಸುವುದೆಂತು? 1981ರ ಎಂಎಸ್-ಡಾಸ್‌ನಲ್ಲಿ ಓರೆಗೀಟು ಆಜ್ಞೆಗಳ ವಿಕಲ್ಪವನ್ನು ಸೂಚಿಸಲು ಆಗಲೇ ವಿನಿಯೋಗವಾಗಿದ್ದಿತು. 1983ರ ಎರಡನೆಯ ಆವೃತ್ತಿಗೆ ಕೋಶಗಳು ಬಂದಾಗ ಹಿಮ್ಮುಖದ ಓರೆಗೀಟನ್ನು ಹಿಡಿಯಬೇಕಾಯಿತು.

ಯೂನಿಕ್ಸ್ ಪರಂಪರೆಯಲ್ಲಿ ಈ ಕೆಲಸಕ್ಕೆ ‘ಡಿರ್‌ನೇಮ್’ ಎಂಬ ವಿಧಿಯುಂಟು. ಪಾಸಿಕ್ಸ್ ಪ್ರಮಾಣವು ಅದನ್ನು ಅಂಗೀಕರಿಸಿದೆ. ಅದರ ಸೂತ್ರಗಳು ಸೂಕ್ಷ್ಮವಾಗಿವೆ. ‘ಪಂಪ’ ಎಂಬ ಒಂಟಿಪದದ ಕೋಶವು ‘.’, ಎಂದರೆ ಪ್ರಕೃತ ಕೋಶ. ‘/ಗ್ರಂಥ’ ಎಂಬುದರ ಕೋಶವು ‘/’ ಎಂಬ ಮೂಲಕೋಶ. ಕೇವಲ ಕತ್ತರಿಸುವವನ ಕೈಯಲ್ಲಿ ಉಳಿಯುವುದು ಬರಿದು. ‘/ಗ್ರಂಥ/’ ಎಂಬಲ್ಲಿ ತುದಿಯ ಗೀಟನ್ನು ಲೆಕ್ಕಿಸದೆ ‘/’ ಎಂದೇ ಉತ್ತರ. 2017ರ ಸಿ++ ಪ್ರಮಾಣವಾದರೋ ಅದೇ ಹೆಸರಿಗೆ ‘/ಗ್ರಂಥ’ ಎಂದು ವಿಧಿಸುತ್ತದೆ. ಹೆಸರೊಂದೇ, ಛೇದವೆರಡು, ಭೇದವನ್ನರಿಯದವನು ತನ್ನ ಬರಹವನ್ನು ಅನ್ಯಕೋಶದಲ್ಲಿ ಇಟ್ಟುಬಿಡುವನು.

ಇದಕ್ಕಿಂತ ಗಹನವಾದುದು ಇನ್ನೊಂದುಂಟು. ಸಿ ಭಾಷೆಯಲ್ಲಿ ಅಕ್ಷರಸರಣಿಯ ಉದ್ದವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಕೊನೆಯಲ್ಲಿ ನಿಂತ ಶೂನ್ಯಾಕ್ಷರವೇ ಅದರ ಅವಧಿ. ಆದಕಾರಣ ಉತ್ತರಪದವನ್ನು ಪಡೆಯಲು ಅದರ ಮೊದಲಕ್ಷರವನ್ನು ಬೆರಳಿಟ್ಟು ತೋರಿಸಿದರೆ ಸಾಕು. ಅವಧಿಯು ತಾನಾಗಿಯೇ ಅಲ್ಲಿರುತ್ತದೆ. ಪೂರ್ವಪದಕ್ಕೆ ಆ ಭಾಗ್ಯವಿಲ್ಲ. ಅದನ್ನು ಬೇರೆಡೆ ಪ್ರತಿಮಾಡಬೇಕು, ಇಲ್ಲವೆ ಗೀಟಿನ ಸ್ಥಾನದಲ್ಲಿ ಶೂನ್ಯಾಕ್ಷರವನ್ನಿಟ್ಟು ಮೂಲವನ್ನೇ ತುಂಡರಿಸಬೇಕು. ಮೂಲವನ್ನು ಮಾರ್ಪಡಿಸಲು ಪಾಸಿಕ್ಸ್ ಪ್ರಮಾಣವು ಡಿರ್‌ನೇಮಿಗೆ ಅನುಮತಿ ಕೊಟ್ಟುದಕ್ಕೆ ಕಾರಣವು ಇದೇ ಎಂದು ನನ್ನ ಅಭಿಪ್ರಾಯ. ಮೂಲವು ತಿದ್ದಲಾಗದ ಸ್ಮೃತಿಭಾಗದಲ್ಲಿದ್ದರೆ ಕಾರ್ಯಕ್ರಮವೇ ಮುರಿದುಬೀಳಬಹುದು. ಆದುದರಿಂದ ಬಲ್ಲವರು ಮೊದಲು ಪ್ರತಿಯೊಂದನ್ನು ಮಾಡಿಕೊಂಡು ಅದನ್ನು ಈ ವಿಧಿಗೆ ಒಪ್ಪಿಸುತ್ತಾರೆ. ಉತ್ತರಪದವನ್ನು ಕೊಡುವ ‘ಬೇಸ್‌ನೇಮ್’ ವಿಧಿಗೆ ಗ್ನೂ ಭಂಡಾರದಲ್ಲಿ ಮೂಲವನ್ನು ಮುಟ್ಟದ ಬೇರೊಂದು ರೂಪವಿದೆ. ಡಿರ್‌ನೇಮಿಗೆ ಅಲ್ಲಿ ಅಂಥದಿಲ್ಲ.