ಸಕ್ಕರೆ ಏರಿದರೆ ಮಿದುಳಿಗೆ, ಕಣ್ಣಿಗೆ ಏನಾಗುತ್ತದೆ? ಒಂದು ಹಳೆಯ ಕಥೆ

ಕಳೆದ ವರ್ಷ ನಮ್ಮ ಚಿಕ್ಕಪ್ಪ "ಕಣ್ಣು ಮಂಜು ಮಂಜು ಕಣಪ್ಪಾ" ಅಂತ ಹೊಸ ಕನ್ನಡಕ ಮಾಡಿಸಿದರು. ತಿಂಗಳೊಳಗೆ ಅದೂ ಹೊಂದಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 480! ಅದು ಹಿಡಿತಕ್ಕೆ ಬಂದ ಮೇಲೆ ಹಳೆಯ ಕನ್ನಡಕವೇ ಸಾಕಾಯಿತು. ಸಕ್ಕರೆ ಏರಿಳಿದರೆ ಕಣ್ಣಿನ ಮಸೂರದ ನೀರಿನಂಶವೂ ಬದಲಾಗುತ್ತದಂತೆ. ಆ ನೆಪದಲ್ಲಿ ಒಂದಿಷ್ಟು ಓದಿದೆ.

1874ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್, ಸಾವಿನಂಚಿನ ಮಧುಮೇಹಿಗಳ ಆಳವಾದ, ಏದುಸಿರಿನಂಥ ಉಸಿರಾಟವನ್ನು ವಿವರಿಸಿದ. ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನು ಸುಡುತ್ತದೆ, ರಕ್ತದಲ್ಲಿ ಆಮ್ಲ ತುಂಬುತ್ತದೆ. ಸಕ್ಕರೆ ಮೂತ್ರದ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮಂಪರು, ಗೊಂದಲ, ಕೋಮಾ, ಆಮೇಲೆ ಸಾವು. ವಯಸ್ಸಾದವರಲ್ಲಿ ಆಮ್ಲ ಹೆಚ್ಚದೆ, ನೀರು ಬತ್ತಿಯೇ ಗೊಂದಲ, ಫಿಟ್ಸ್ ಬರುವುದೂ ಉಂಟು.

1922ರ ಜನವರಿ 11. ಟೊರೊಂಟೊ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅಷ್ಟೇನೂ ಫಲ ಸಿಗಲಿಲ್ಲ. ಕಾಲಿಪ್ ಶುದ್ಧಮಾಡಿ ಕೊಟ್ಟ ಔಷಧವನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು. ಹುಡುಗ ಇನ್ನೂ 13 ವರ್ಷ ಬದುಕಿದ.

ಕಥೆ ಅಲ್ಲಿಗೆ ಮುಗಿಯಲಿಲ್ಲ ನೋಡಿ. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣೊಳಗೆ ನೋಡುವ ಉಪಕರಣ ಮಾಡಿದ್ದ. ವಿಯೆನ್ನಾದ ಯೇಗರ್ 1855ರಲ್ಲೇ ಮಧುಮೇಹಿಯ ರೆಟಿನಾದಲ್ಲಿ ಕಲೆಗಳನ್ನು ಕಂಡಿದ್ದ. ಹಲವರು ನಂಬಲಿಲ್ಲ. ಚಿಕ್ಕ ವಯಸ್ಸಿನ ರೋಗಿಗಳು ಕೋಮಾದಲ್ಲೇ ತೀರಿಕೊಳ್ಳುತ್ತಿದ್ದಾಗ, ಕಣ್ಣು ಕೆಡುವಷ್ಟು ಕಾಲ ಬದುಕಿದವರು ಎಷ್ಟು ಮಂದಿ? ಇನ್ಸುಲಿನ್ ಆಯುಸ್ಸು ಕೊಟ್ಟಿತು. ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೆ ಕಣ್ಣಲ್ಲಿ ರಕ್ತಸ್ರಾವ, ಕಾಲಿನ ನರಗಳಲ್ಲಿ ಜೋಮು ಶುರುವಾದವು.

ವೈದ್ಯರು ಎಷ್ಟು ಕಂಗೆಟ್ಟರೆಂದರೆ, 1950ರ ದಶಕದಲ್ಲಿ ಕಣ್ಣು ಉಳಿಸಲು ಪಿಟ್ಯುಟರಿ ಗ್ರಂಥಿಯನ್ನೇ ತೆಗೆದುಹಾಕಿದ್ದುಂಟು! ಆಚೆ, 1945ರ ಜುಲೈ 9ರ ಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ರೆಟಿನಾ ಸುಟ್ಟುಕೊಂಡವರನ್ನು ಕಂಡ ಜರ್ಮನ್ ವೈದ್ಯ ಮೇಯರ್-ಶ್ವಿಕೆರಾತ್‌ಗೆ, ಬೆಳಕಿನಿಂದಲೇ ಚಿಕಿತ್ಸೆ ಮಾಡಬಹುದಲ್ಲ ಎನ್ನಿಸಿತ್ತು. ಇಂಥ ಚಿಕಿತ್ಸೆ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆಂದು 1976ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. 1993ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಹೊಸದಾಗಿ ರೆಟಿನಾ ಕೆಡುವ ಅಪಾಯ 76%, ನರದ ತೊಂದರೆ 60% ಕಡಿಮೆಯಾಗಿತ್ತು.

ನನಗೆ ತಟ್ಟಿದ್ದು ಇಷ್ಟೇ. ರೆಟಿನಾ ಕೆಡುವಾಗ ಮೊದಮೊದಲು ನೋವಿಲ್ಲ, ಮಂಜೂ ಇಲ್ಲ. ಚಿಕ್ಕಪ್ಪನಿಗೆ ಮಂಜು ಬಂದದ್ದೇ ಒಳ್ಳೆಯದಾಯಿತು. ಈಗ ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿಕೊಂಡು ರೆಟಿನಾ ತೋರಿಸಿ ಬರುತ್ತಾರೆ. ನಿಮ್ಮ ಮನೆಯ ಸಕ್ಕರೆ ಕಾಯಿಲೆಯವರನ್ನೂ ಒಮ್ಮೆ ಕೇಳಿ, "ಕೊನೆಗೆ ಕಣ್ಣು ತೋರಿಸಿದ್ದು ಯಾವಾಗ?"