ಕಾರ್ಬನ್ ಫೈಬರ್ ಬಾನೆಟ್ ಹಾಕಿಸ್ತೀರಾ? ಮೊದಲು ಲಾಕ್ ನೋಡಿ, ಆಮೇಲೆ ಲುಕ್ ನೋಡಿ

ಹಳೇ ಹ್ಯಾಚ್‌ಬ್ಯಾಕ್ ಕಾರಿಗೂ ಈಗ ಕಾರ್ಬನ್ ಫೈಬರ್ ಬಾನೆಟ್ ಸಿಗುತ್ತದೆ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಪಾರ್ಸೆಲ್ ಊರಿಗೇ ಬರುತ್ತದೆ. ಆಕ್ಸೆಸರೀಸ್ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ನಾಲ್ಕು ಬೋಲ್ಟ್ ಬಿಚ್ಚಿ ಕೂರಿಸಿಕೊಡುತ್ತಾರೆ. ನೋಡೋಕೆ ರೇಸ್ ಕಾರಿನ ಹಾಗೇ ಕಾಣುತ್ತದೆ, ನಿಜ. ಆದರೆ ಹಾಕಿಸಿಕೊಂಡವರಿಗೂ ಹಾಕಿಕೊಟ್ಟವರಿಗೂ ಕಾಡುವ ಪ್ರಶ್ನೆ ಎರಡು: ಇದು ಸೇಫಾ? ಆರ್‌ಟಿಒದವರು ಹಿಡಿದರೆ ಏನು ಗತಿ?

ಚಿಕ್ಕದಾಗಿ ಹೇಳುವುದಾದರೆ, ಕಾರ್ಬನ್ ಫೈಬರ್ ಎಂಬ ವಸ್ತುವೇ ಅಪಾಯವಲ್ಲ. ಯಾರೂ ಪರೀಕ್ಷೆ ಮಾಡದ ಬಾನೆಟ್, ಸರಿಯಾಗಿ ಕೂರದ ಲಾಕ್, ದಾಖಲೆ ಇಲ್ಲದ ಬದಲಾವಣೆ. ಅಪಾಯ ಇರುವುದು ಈ ಮೂರರಲ್ಲಿ.

ಏನಿದು ಕಾರ್ಬನ್ ಫೈಬರ್?

ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ರೆಸಿನ್‌ನಲ್ಲಿ ನೆನೆಸಿ, ಅಚ್ಚಿನಲ್ಲಿ ಗಟ್ಟಿ ಮಾಡಿದರೆ ಈ ವಸ್ತು ಸಿದ್ಧ. ಒಂದು ಲೀಟರ್ ಅಳತೆಯ ಉಕ್ಕು ಸುಮಾರು 7.8 ಕೆ.ಜಿ. ತೂಗಿದರೆ, ಅಷ್ಟೇ ಅಳತೆಯ ಕಾರ್ಬನ್ ಫೈಬರ್ ಸುಮಾರು 1.6 ಕೆ.ಜಿ. ಮಾತ್ರ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ರಚನೆಯಲ್ಲೂ ಕಾರ್ಬನ್ ಕಾಂಪೊಸಿಟ್ ದೊಡ್ಡ ಪಾಲು ಪಡೆದಿದೆ. ಫಾರ್ಮುಲಾ ಒನ್ ರೇಸ್‌ಗೆ 1981ರಲ್ಲೇ ಮೆಕ್ಲಾರೆನ್ ಕಂಪನಿ ಇದರಿಂದ ಕಾರಿನ ಒಡಲು ಮಾಡಿಸಿ ಇಳಿಸಿತ್ತು.

ಆದರೆ ಮಾರುಕಟ್ಟೆಯಲ್ಲಿ ಇದೇ ಹೆಸರಿನಲ್ಲಿ ಮೂರು ಬಗೆಯ ಮಾಲು ಓಡಾಡುತ್ತದೆ. ಒಂದು, ಪೂರ್ತಿ ಕಾರ್ಬನ್. ಎರಡು, ಒಳಗೆಲ್ಲ ಗ್ಲಾಸ್ ಫೈಬರ್, ಮೇಲೊಂದು ಪದರ ಮಾತ್ರ ಕಾರ್ಬನ್. ಮೂರು, ಮಾಮೂಲಿ ಬಾನೆಟ್ ಮೇಲೆ ಕಾರ್ಬನ್ ವಿನ್ಯಾಸದ ಸ್ಟಿಕ್ಕರ್. ಬಾನೆಟ್ ಎತ್ತಿ ಅಡಿಭಾಗ ನೋಡಿದರೆ ಎರಡನೇ ಬಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕೆಳಗೆ ಕಪ್ಪು ನೇಯ್ಗೆ ಇಲ್ಲದೆ ಬಿಳಿಚಿದ ನಾರು ಕಂಡರೆ ಅದು ಗ್ಲಾಸ್ ಫೈಬರ್. ಅಡಿಗೆ ಕಪ್ಪು ಪೇಂಟ್ ಬಳಿದಿದ್ದರೆ ಅಂಗಡಿಯವರನ್ನು ಕೇಳಿಯೇ ತೀರಬೇಕು.

ಬಾನೆಟ್ ಬರೀ ಮುಚ್ಚಳ ಅಲ್ಲ

ಕಂಪನಿಯ ಉಕ್ಕಿನ ಬಾನೆಟ್ ಒಳಗೆ ಒಂದು ಚೌಕಟ್ಟು ಇರುತ್ತದೆ. ಮುಂದಿನಿಂದ ಡಿಕ್ಕಿಯಾದಾಗ ಬಾನೆಟ್ ನಡುವೆ ಮಡಚಿ ಗುಡಾರದಂತೆ ಮೇಲೇಳುವಂತೆ ಅದನ್ನು ರೂಪಿಸಿರುತ್ತಾರೆ. ಹಾಗೆ ಮಡಚದಿದ್ದರೆ ಅದರ ಹಿಂದಿನ ಅಂಚು ನೇರವಾಗಿ ಮುಂದಿನ ಗಾಜಿನ ಕಡೆ ನುಗ್ಗಬಹುದು. ಉಕ್ಕು ಬಾಗುತ್ತದೆ, ನುಗ್ಗಾಗುತ್ತದೆ, ಹೊಡೆತದ ಶಕ್ತಿಯನ್ನು ಹೀರುತ್ತದೆ. ಕಾರ್ಬನ್ ಫೈಬರ್ ಹಾಗೆ ಬಾಗುವ ಜಾತಿಯದಲ್ಲ. ಮಿತಿ ಮೀರಿದರೆ ಸೀಳಿ ಚೂರಾಗುತ್ತದೆ, ಚೂರುಗಳ ಅಂಚು ಹರಿತ.

ಪಾದಚಾರಿಗಳ ಮಾತೂ ಇದೆ. ಕಾರು ಬಡಿದಾಗ ದಾರಿಹೋಕರ ತಲೆ ಬಂದು ಬೀಳುವುದು ಹೆಚ್ಚಾಗಿ ಬಾನೆಟ್ ಮೇಲೆ. ಅದಕ್ಕಾಗಿಯೇ ಭಾರತದಲ್ಲಿ ಎಐಎಸ್-100 ಎಂಬ ಪಾದಚಾರಿ ಸುರಕ್ಷತಾ ಮಾನದಂಡವಿದ್ದು, ತಲೆಯ ಆಕಾರದ ಗುಂಡನ್ನು ಬಾನೆಟ್‌ಗೆ ಹೊಡೆದು ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಪಾಸಾಗಿರುವುದು ಕಂಪನಿ ಕೊಟ್ಟ ಬಾನೆಟ್, ಪಾರ್ಸೆಲ್‌ನಲ್ಲಿ ಬಂದದ್ದಲ್ಲ. ವಿದೇಶದಲ್ಲಿ ಕೆಲವು ದುಬಾರಿ ಕಾರುಗಳಿಗೆ ಕಂಪನಿಯೇ ಕಾರ್ಬನ್ ಬಾನೆಟ್ ಕೊಡುತ್ತದೆ. ಆದರೆ ಅಲ್ಲಿ ಇಡೀ ಕಾರಿನ ಜೊತೆ ಅದನ್ನೂ ಲೆಕ್ಕ ಹಾಕಿರುತ್ತಾರೆ.

ಇನ್ನು ಮೈಲೇಜ್. ಸಣ್ಣ ಕಾರಿನ ತೂಕ 900 ಕೆ.ಜಿ. ಎಂದಿಟ್ಟುಕೊಳ್ಳಿ. ಬಾನೆಟ್ ಬದಲಿಸಿ 7 ಕೆ.ಜಿ. ಉಳಿಸಿದರೂ ಅದು ಶೇ 1ಕ್ಕಿಂತ ಕಡಿಮೆ. ಡಿಕ್ಕಿಯಲ್ಲಿರುವ ಬೇಡದ ಸಾಮಾನು ಇಳಿಸಿದರೂ ಅಷ್ಟೇ ಲಾಭ.

ನಿಜವಾದ ಕಂಟಕ ಲಾಕ್

ಹೈವೇಯಲ್ಲಿ ವೇಗದಲ್ಲಿರುವಾಗ ಬಾನೆಟ್ ತೆರೆದುಕೊಂಡರೆ ಗಾಳಿ ಅದನ್ನು ಎತ್ತಿ ಮುಂದಿನ ಗಾಜಿಗೆ ಬಡಿಯುತ್ತದೆ. ಚಾಲಕರಿಗೆ ರಸ್ತೆಯೇ ಕಾಣುವುದಿಲ್ಲ. ಇದನ್ನು ತಡೆಯಲೆಂದೇ ಬಾನೆಟ್ ಲಾಕ್‌ಗೆ ಎರಡು ಹಂತ ಇರುತ್ತದೆ. ಒಳಗಿನ ಲಿವರ್ ಎಳೆದರೆ ಬಾನೆಟ್ ಸ್ವಲ್ಪ ಮೇಲೇಳುತ್ತದೆ, ಪೂರ್ತಿ ತೆರೆಯಲು ಮುಂದಿನಿಂದ ಬೆರಳು ಹಾಕಿ ಎರಡನೇ ಕೊಂಡಿ ಬಿಡಿಸಬೇಕು.

ಅಗ್ಗದ ಬಾನೆಟ್‌ಗಳಲ್ಲಿ ಲಾಕ್‌ಗೆ ಸಿಕ್ಕಿಕೊಳ್ಳುವ ಲೋಹದ ಕೊಂಡಿಯನ್ನು ತೆಳು ಪದರಕ್ಕೆ ಅಂಟಿಸಿ ರಿವೆಟ್ ಹೊಡೆದಿರುತ್ತಾರೆ. ಎಂಜಿನ್ ಬಿಸಿ, ಬಿಸಿಲು, ನಮ್ಮ ಹಂಪ್‌ಗಳ ಕುಲುಕಾಟಕ್ಕೆ ಅದು ನಿಧಾನಕ್ಕೆ ಸಡಿಲವಾಗುತ್ತದೆ. ಭಾರದ ಉಕ್ಕಿನ ಬಾನೆಟ್‌ಗೆಂದು ಮಾಡಿದ ಗ್ಯಾಸ್ ಸ್ಟ್ರಟ್ ಹಾಗೇ ಬಿಟ್ಟರೆ, ಹಗುರ ಬಾನೆಟ್ ಅದರ ಒತ್ತಡಕ್ಕೆ ತಿರುಚಿಕೊಳ್ಳುವುದೂ ಉಂಟು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಕಾರ್ಬನ್ ಫೈಬರ್ ಬಾನೆಟ್ ನಿಷೇಧ' ಎಂಬ ಸಾಲು ಇಲ್ಲ. ಹಾಗಂತ ಏನು ಬೇಕಾದರೂ ಮಾಡಬಹುದು ಎಂದೂ ಅಲ್ಲ. ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲತಃ ನಿಗದಿ ಮಾಡಿದ್ದಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ವಾಹನದ ರಚನೆ ಬದಲಾಗಿ, ಅದರಿಂದ ಮೂಲ ಲಕ್ಷಣವೇ ಬದಲಾದರೆ ಅದು 'ಮಾರ್ಪಾಡು' ಎಂದು ಅದೇ ಸೆಕ್ಷನ್ ವಿವರಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಸೆಕ್ಷನ್ ಅನ್ನೇ ಎತ್ತಿಹಿಡಿದಿದೆ. ಇದೇ ಸೆಕ್ಷನ್ ಆಧಾರದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಪತ್ರ ಬರೆದಿತ್ತು.

ಅದೇ ಆಕಾರ, ಅದೇ ಅಳತೆ, ಅದೇ ಬೋಲ್ಟ್ ಜಾಗದ ಬಾನೆಟ್ ಹಾಕಿದರೆ ಮೂಲ ಲಕ್ಷಣ ಬದಲಾಗಿಲ್ಲ ಎಂದು ವಾದಿಸಬಹುದು. ಆದರೆ ದೊಡ್ಡ ಸ್ಕೂಪ್ ಎದ್ದು ನಿಂತು ಚಾಲಕರ ನೋಟಕ್ಕೆ ಅಡ್ಡ ಬಂದರೆ, ಕೂರಿಸಲು ಬಾಡಿಯನ್ನೇ ಕತ್ತರಿಸಿದ್ದರೆ, ಆ ವಾದ ನಿಲ್ಲುವುದು ಕಷ್ಟ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ. ಕೆಂಪು ಕಾರಿಗೆ ಕಪ್ಪು ಬಾನೆಟ್ ಹಾಕಿದರೆ ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಕಾರಿನ ಬಣ್ಣವನ್ನೇ ಮೇಲೆ ಹೊಡೆಸಿದರೆ ಆ ತಕರಾರು ತಪ್ಪುತ್ತದೆ, ಬಿಸಿಲಿಗೆ ರೆಸಿನ್ ಹಳದಿಯಾಗುವುದೂ ತಪ್ಪುತ್ತದೆ.

2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ದುಡ್ಡು ಕೊಡುವ ಮುಂಚೆಯೇ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. 'ಎಲ್ಲರೂ ಹಾಕಿಸ್ಕೊಂಡಿದ್ದಾರೆ' ಎಂಬ ಮಾತು ಚೆಕಿಂಗ್‌ನಲ್ಲಿ ನಡೆಯಲ್ಲ.

ಅಂಗಡಿ, ಗ್ಯಾರೇಜಿನವರಿಗೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾರಾಟಗಾರರ ಹೊಣೆಯೂ ಇದೆ. ಮಾಲು ತಯಾರಿಸಿದವರು ಯಾರೆಂದೇ ಗೊತ್ತಿಲ್ಲದಿದ್ದರೆ, ಜೋಡಿಸುವಾಗ ಎಚ್ಚರ ವಹಿಸದಿದ್ದರೆ, ಅಥವಾ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗಿರಾಕಿಗೆ ತಿಳಿಸದಿದ್ದರೆ, ಅದರಿಂದಾದ ಹಾನಿಗೆ ಮಾರಿದವರೇ ಜವಾಬ್ದಾರರಾಗಬಹುದು. ಹೆಸರಿಲ್ಲದ, ಬಿಲ್ ಇಲ್ಲದ ಬಾನೆಟ್ ಮಾರಿ ಕೂರಿಸುವ ಅಂಗಡಿ ಈ ಮೂರರಲ್ಲೂ ಸಿಕ್ಕಿಬೀಳುತ್ತದೆ. ಬಿಲ್‌ನಲ್ಲಿ ತಯಾರಕರ ಹೆಸರು, ಯಾವ ಬಗೆಯ ಮಾಲು ಎಂಬುದನ್ನು ಬರೆಯಿರಿ. ಗ್ಲಾಸ್ ಫೈಬರ್ ಆದರೆ ಹಾಗೆಂದೇ ಬರೆಯಿರಿ.

ಕಾರ್ಬನ್ ಫೈಬರ್ ಕತ್ತರಿಸುವಾಗ, ಉಜ್ಜುವಾಗ ಏಳುವ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಅದು ವಿದ್ಯುತ್ ಹರಿಸುವ ಪುಡಿಯಾದ್ದರಿಂದ ವೈರಿಂಗ್ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು. ಕೆಲಸ ಮಾಡುವ ಹುಡುಗರಿಗೆ ಮಾಸ್ಕ್, ಗ್ಲೌಸ್, ಕನ್ನಡಕ ಕೊಡಿ.

ಇನ್ಶೂರೆನ್ಸ್ ಸಂಗತಿ

ಬದಲಾವಣೆಯನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ತಿಳಿಸದಿದ್ದರೆ ನಿಮ್ಮ ಕಾರಿನ ಹಾನಿಯ ಕ್ಲೇಮ್‌ನಲ್ಲಿ ತಕರಾರು ಬರಬಹುದು. ಮಾಮೂಲಿ ಪಾಲಿಸಿಗಳಲ್ಲಿ ಗ್ಲಾಸ್ ಫೈಬರ್ ಭಾಗಗಳಿಗೆ ಶೇ 30 ಸವಕಳಿ ಕಳೆದು ಹಣ ಕೊಡುತ್ತಾರೆ ಎಂಬುದೂ ನೆನಪಿರಲಿ.

ಈಗಾಗಲೇ ಹಾಕಿಸಿದ್ದರೆ ಇಷ್ಟು ನೋಡಿ

1. ಒಳಗಿನ ಲಿವರ್ ಎಳೆದ ಮೇಲೆ ಬಾನೆಟ್ ಎತ್ತಲು ನೋಡಿ. ಎರಡನೇ ಕೊಂಡಿ ಹಿಡಿದು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಆ ಕಾರು ರಸ್ತೆಗೆ ಇಳಿಯಬಾರದು.

2. ಲಾಕ್ ಕೊಂಡಿಯ ಹಿಂದೆ ಲೋಹದ ಪಟ್ಟಿ ಇದೆಯೇ, ಬೋಲ್ಟ್ ಆರಪಾರ ಹೋಗಿದೆಯೇ ನೋಡಿ. ಕೈಯಲ್ಲಿ ಅಲ್ಲಾಡಿಸಿದರೆ ಅಲುಗಬಾರದು.

3. ಕೀಲುಗಳ ಬಳಿ ಸಣ್ಣ ಬಿರುಕು, ಬಿಳಿ ಗೆರೆ ಕಂಡರೆ ಬಾನೆಟ್ ಬದಲಿಸಿ. ಇದನ್ನು ಟಿಂಕರಿಂಗ್ ಮಾಡಿ ಸರಿಪಡಿಸಲು ಬರುವುದಿಲ್ಲ.

4. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದೇ ಕಡೆ ಸದ್ದು ಮಂಕಾದರೆ ಒಳಪದರ ಬಿಟ್ಟುಕೊಂಡಿರಬಹುದು.

5. ಬೋಲ್ಟ್‌ಗಳನ್ನು ಪ್ರತಿ ಸರ್ವಿಸ್‌ನಲ್ಲೂ ಬಿಗಿ ಮಾಡಿಸಿ.

ಬಿಚ್ಚಿದ ಹಳೇ ಬಾನೆಟ್ ಅನ್ನು ಗುಜರಿಗೆ ಹಾಕಬೇಡಿ. ನಾಳೆ ಆರ್‌ಟಿಒದವರು ಮೊದಲಿನಂತೆ ಮಾಡಿಸಿ ಎಂದರೂ, ಕಾರು ಮಾರುವಾಗ ಕೊಳ್ಳುವವರು ಕೇಳಿದರೂ ಬೇಕಾಗುವುದು ಅದೇ. ಬರೀ ಲುಕ್ ಸಾಕು ಎನ್ನುವವರಿಗೆ ಕಂಪನಿಯ ಬಾನೆಟ್ ಉಳಿಸಿಕೊಂಡು ಮೇಲೊಂದು ಸ್ಟಿಕ್ಕರ್ ಹಾಕಿಸುವುದೇ ವಾಸಿ. ಬಣ್ಣದ ಬಗ್ಗೆ ಆರ್‌ಟಿಒದಲ್ಲಿ ಒಂದು ಮಾತು ಕೇಳಬೇಕಾದೀತು. ಆದರೆ ಮಡಚಬೇಕಾದಾಗ ಮಡಚುವ ಉಕ್ಕು, ಹಿಡಿಯಬೇಕಾದಾಗ ಹಿಡಿಯುವ ಲಾಕ್ ಎರಡೂ ಇದ್ದಲ್ಲೇ ಇರುತ್ತವೆ.